ಈರುಳ್ಳಿ ಕೋಣೆಯ ಲೇಖಕರು

ನಮ್ಮ ಸೋದರಮಾವ ದೊಡ್ಡ ಲೇಖಕರು. ಇದು ನನಗೆ ಗೊತ್ತು, ಅವರ ಹೆಂಡತಿಗೆ, ಅಂದರೆ ನಮ್ಮತ್ತೆಗೆ ಗೊತ್ತು, ನೈರೋಬಿಯ ಲಂಗಾಟಾ ರಸ್ತೆಯ ಮಟಾಟು ಕಂಡಕ್ಟರುಗಳಿಗೆಲ್ಲ ಗೊತ್ತು. ಉಳಿದ ಪ್ರಪಂಚಕ್ಕೆ ಗೊತ್ತಾಗದಂತೆ ನೋಡಿಕೊಂಡವರು ಸ್ವತಃ ಮಾವನೇ!

ಹರೆಯದಲ್ಲಿ, ಮೈಸೂರಿನಲ್ಲಿದ್ದಾಗ ಅವರು ಎಲ್ಲದಕ್ಕೂ ವಿರೋಧಿ. ಪ್ರಕಾಶಕರು ಬೇಡ, ಮುನ್ನುಡಿ ಬೇಡ, ಬಹುಮಾನವಂತೂ ಬೇಡವೇ ಬೇಡ. ಮೊದಲ ಕಥೆಗಳನ್ನು ಅಚ್ಚು ಹಾಕಿಸಿದ್ದು, ತಪ್ಪಾಗಿದೆಯೆಂದು ಪ್ರೆಸ್ಸಿನವರು ಎಸೆದ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಪುಕ್ಕಟೆ ಹಂಚಿದರು. ಜಾತಿಯನ್ನೂ ಮದುವೆಯನ್ನೂ ಹಿಗ್ಗಾಮುಗ್ಗಾ ಬೈದಿದ್ದ ಒಂದು ಕಥೆಯನ್ನು ಓದಿದ ಮಹಾನುಭಾವನೊಬ್ಬ ಹಾಳೆ ಮಗುಚಿ, ವಿಳಾಸ ಹಿಡಿದು ಹೋಗಿ, ಮದುವೆ ಊಟ ಮುಗಿಸಿಯೇ ಬಂದನಂತೆ. ಕಥೆ ಅರ್ಧಕ್ಕೆ ನಿಂತಿದೆ, ಉಳಿದದ್ದೆಲ್ಲಿ ಎಂದು ಹುಡುಕಿಕೊಂಡು ಬಂದವರು ಒಬ್ಬರೇ. ಅವರನ್ನೇ ಮಾವ ಮದುವೆಯಾದರು! ಲಗ್ನಪತ್ರಿಕೆ ಮಾತ್ರ ಹಾಕಿಸಲಿಲ್ಲ.

ಅತ್ತೆಗೆ ನೈರೋಬಿಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು, ಮಾವ ಜೊತೆಗೆ ಬಂದರು. ಆಮೇಲೆ ಕೆಲಸ ಹುಡುಕಿಕೊಂಡು ನಾನೂ ಬಂದೆ. ಬರೆಯಲೆಂದು ಅತ್ತೆ ಪ್ರೀತಿಯಿಂದ ತೋಟದ ಕಡೆ ಕಿಟಕಿಯಿರುವ ಕೋಣೆ ಬಿಟ್ಟುಕೊಟ್ಟರೆ, ಮಾವ ಅಲ್ಲಿ ಈರುಳ್ಳಿ ಹರವಿದರು. ನಿಶ್ಶಬ್ದದಲ್ಲಿ ಅವರಿಗೆ ಒಂದಕ್ಷರವೂ ಹುಟ್ಟುವುದಿಲ್ಲವಲ್ಲ! ಬರೆಯಬೇಕೆಂದರೆ ಮಟಾಟು ಹತ್ತಬೇಕು. ಮಟಾಟು ಎಂದರೆ ಮೈತುಂಬ ಚಿತ್ರ ಬಳಿದುಕೊಂಡು, ಎದೆ ನಡುಗುವಂತೆ ಹಾಡು ಹಾಕಿಕೊಂಡು ಓಡುವ ಇಲ್ಲಿನ ಮಿನಿಬಸ್ಸು. ಅದರ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಹಲಗೆಯಿಟ್ಟು ಬರೆಯುತ್ತ ಪೇಟೆಗೆ ಹೋಗುವರು, ಇಳಿಯದೆ ಬರೆಯುತ್ತಲೇ ವಾಪಸ್ಸು ಬರುವರು.

ಮನೆಗೆ ಬಂದು ಹಾಳೆಗಳನ್ನು ಅತ್ತೆಯ ಕೈಗಿಡುವರು. ಅತ್ತೆ ಒಲೆಯ ಮುಂದೆ ನಿಂತೇ ಓದಿ, "ಮಧ್ಯದ ಪ್ಯಾರಾ ದಂಡ ಕಣ್ರೀ" ಎನ್ನುವರು. ಮಾವ ಊಟ ಮುಗಿಯುವವರೆಗೂ ಜಗಳವಾಡುವರು. ಒಂದಕ್ಷರವನ್ನೂ ತೆಗೆಯುತ್ತಿರಲಿಲ್ಲ ಎನ್ನಿ.

ಗಟ್ಟಿಯಾಗಿ ಓದಿ ಎಂದರಂತೂ ಎಲ್ಲಿಲ್ಲದ ಸಿಟ್ಟು. ಒಮ್ಮೆ ಇಲ್ಲಿನ ಕನ್ನಡಿಗರು ರಾಜ್ಯೋತ್ಸವಕ್ಕೆ ಕರೆದು, ಶಾಲು ಹೊದಿಸಿ, "ಸರ್, ಒಂದ್ ಸ್ಟೋರಿ ರೀಡ್ ಮಾಡಿ ಪ್ಲೀಸ್" ಎಂದರು.

"ಬರೆದೋನೇ ಓದಿದ್ರೆ ಭಾಷಣ ಆಗುತ್ತೆ ಕಣಯ್ಯಾ. ಓದೋ ಕೆಲಸ ಓದೋರದ್ದು" ಎಂದು ಮಾವ ಎದ್ದು ಹೊರಟೇಬಿಟ್ಟರು. ಆ ಶಾಲು ಈಗ ಇಲ್ಲಿನ ಜುಲೈ ಚಳಿಯಲ್ಲಿ ಅವರ ಗೇಟಿನ ಕಾವಲಿನವನನ್ನು ಕಾಯುತ್ತದೆ.

ಹೋದ ವರ್ಷ ಅತ್ತೆಯ ಕಣ್ಣು ಮಂಜಾಗತೊಡಗಿತು. ಹರ್ಲಿಂಗ್‌ಹ್ಯಾಮ್ ಬಡಾವಣೆಯ ಕಣ್ಣಿನ ಡಾಕ್ಟರು, ಇನ್ನು ಓದಲಾಗುವುದಿಲ್ಲ ಎಂದುಬಿಟ್ಟರು. ಮಾವ ಮಟಾಟು ಹತ್ತುವುದನ್ನೇ ಬಿಟ್ಟರು. ಈರುಳ್ಳಿ ಕೋಣೆಯಲ್ಲಿ ಸುಮ್ಮನೆ ಕೂತಿರುತ್ತಿದ್ದರು.

"ಬರೆಯೋದಿಲ್ವಾ ಮಾವ?" ಎಂದರೆ, "ಯಾರಿಗೆ?" ಎನ್ನುತ್ತಿದ್ದರು. ನನಗೆ ಹೆದರಿಕೆಯಾಯಿತು. ಅವರನ್ನು ಆಡಿಕೊಳ್ಳುವುದನ್ನೂ ನಿಲ್ಲಿಸಿದೆ.

ಮೊನ್ನೆ ಆಫೀಸಿಗೆಂದು ಮಟಾಟು ಹತ್ತಿದವನು ಹಾಗೇ ನಿಂತುಬಿಟ್ಟೆ. ಹಿಂದಿನ ಸೀಟಿನಲ್ಲಿ ಅತ್ತೆ! ಪಕ್ಕದಲ್ಲಿ ಮಾವ, ಅತ್ತೆಯ ಕಿವಿಯ ಹತ್ತಿರ ಬಾಗಿ, ಹಾಡಿನ ಅಬ್ಬರ ಮೀರಿಸಿ, ಹೊಸ ಕಥೆಯನ್ನು ಕೂಗಿ ಕೂಗಿ ಓದುತ್ತಿದ್ದಾರೆ. ಕಂಡಕ್ಟರ್ ಅವರತ್ತ ಒಮ್ಮೆ ನೋಡಿ ಹಾಡು ನಿಲ್ಲಿಸಿದ. ಮಾವನಿಗೆ ಅದು ತಿಳಿಯಲೇ ಇಲ್ಲ, ಕೂಗುತ್ತಲೇ ಇದ್ದರು. ಒಂದು ಮಾತೂ ಅರ್ಥವಾಗದ ಕನ್ನಡವನ್ನು ಇಡೀ ಮಟಾಟು ಕೇಳಿತು.

ಅತ್ತೆ ಕಣ್ಣು ಮುಚ್ಚಿ ಕೇಳಿ ಮುಗಿಸಿ, "ಕೊನೇ ಸಾಲು ಬೇಡ ಕಣ್ರೀ" ಎಂದರು.

ನಾನು ಜಗಳಕ್ಕೆ ಕಾದೆ. ಮಾವ ಪೆನ್ನು ತೆಗೆದು ಸಾಲನ್ನು ಹೊಡೆದುಹಾಕಿದರು. ಆಮೇಲೆ, ಅತ್ತೆಗೆ ಅದು ಕಾಣುವುದಿಲ್ಲವೆಂದು ನೆನಪಾಗಿ, ಅವರ ಬೆರಳು ಹಿಡಿದು ಆ ಗೀಟಿನುದ್ದಕ್ಕೂ ಮೆಲ್ಲಗೆ ಎಳೆದರು.