ನನ್ನ ಹೆಂಡತಿಗೆ ಏನೂ ಆಗಿಲ್ಲ

ನಮ್ಮ ಕಡೆಯ ಜನರಿಗೆ ಕಾಯಿಲೆ ಬರುವುದರ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂದು ಅವರು ಇಟ್ಟುಕೊಂಡಿರುವ ಪದ್ಧತಿ ಇದೆಯಲ್ಲ, ಅದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ. ಬಳೆಯವಳಿಗೆ ಹೇಳುತ್ತಾರೆ, ರವಿಕೆ ಹೊಲಿಯುವವಳಿಗೆ ಹೇಳುತ್ತಾರೆ. ಗಂಡನಿಗೆ ಹೇಳುವುದಿಲ್ಲ. ಡಾಕ್ಟರಿಗಂತೂ ಪ್ರಾಣ ಹೋದರೂ ಹೇಳುವುದಿಲ್ಲ.

ನಾನು ಸೊರಬದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಎಲ್ಲವೂ ಅದರದರ ಜಾಗದಲ್ಲಿ ಇರಬೇಕು ಎನ್ನುವ ಜಾತಿಯವನು. ಹಾಗಾಗಿ ಲ್ಯಾಪ್‌ಟಾಪಿನಲ್ಲೂ ಮೊಬೈಲಿನಲ್ಲೂ ತೆರೆಯುವ ಹಾಗೆ, ವಿಕಿಪೀಡಿಯದ ಮಾದರಿಯಲ್ಲಿ ನನ್ನ ಸ್ವಂತಕ್ಕೊಂದು ವಿಕಿ ಕಟ್ಟಿಕೊಂಡಿದ್ದೇನೆ. ಮಿಕ್ಸಿಯ ವಾರಂಟಿಯಿಂದ ಹಿಡಿದು ಮಾವನ ಮನೆಯವರ ಜನ್ಮನಕ್ಷತ್ರದವರೆಗೆ ಸಂಸಾರದ ಸಕಲ ಸಂಗತಿಗೂ ಅದರಲ್ಲಿ ಒಂದೊಂದು ಪುಟವಿದೆ. ಈಚೆಗೆ ನನ್ನ ಹೆಂಡತಿ ಗಿರಿಜಾ ಬಟ್ಟೆ ಒಣಹಾಕಲು ಮಹಡಿ ಹತ್ತುವಾಗ ಅರ್ಧದಲ್ಲೇ ಗೋಡೆ ಹಿಡಿದು ನಿಲ್ಲತೊಡಗಿದಳು. ಸುಸ್ತಾ ಎಂದು ಕೇಳಿದರೆ, "ಸುಸ್ತೂ ಇಲ್ಲ ಏನೂ ಇಲ್ಲ, ನೀವು ಕಟ್ಸಿರೋ ಮೆಟ್ಲೇ ಎತ್ತರ" ಎಂದಳು. ನನಗೆ ನಿಜವಾಗಿ ಹೆದರಿಕೆಯಾಯಿತು. ಹೆದರಿಕೆಯಾದಾಗ ಬೇರೆಯವರು ಹರಕೆ ಹೊರುತ್ತಾರೆ, ನಾನು ವಿಕಿಯಲ್ಲಿ ಹೊಸ ಪುಟ ತೆರೆಯುತ್ತೇನೆ.

ಪುಟ ಬಹಳ ಚೆನ್ನಾಗಿ ಬಂತು, ನಾನೇ ಹೇಳಬೇಕು. ಎಡಗಡೆ ಲಕ್ಷಣಗಳು, ಬಲಗಡೆ ಕಾಯಿಲೆಗಳು. ಒಂದು ಲಕ್ಷಣಕ್ಕೆ ಟಿಕ್ ಹಾಕಿದರೆ ಆ ಲಕ್ಷಣವಿಲ್ಲದ ಕಾಯಿಲೆಗಳೆಲ್ಲ ಮಾಯವಾಗುತ್ತವೆ. ಹೀಗೆ ಸೋಸುತ್ತ ಹೋದರೆ ಕೊನೆಗೆ ಉಳಿಯುವುದೇ ರೋಗ. ಗಿರಿಜಾಳನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿದೆ. ಎಲ್ಲದಕ್ಕೂ "ಇಲ್ಲ ರೀ". ಒಂದೂ ಟಿಕ್ ಬೀಳದೆ ಬಲಗಡೆಯ ಕಾಯಿಲೆಗಳೆಲ್ಲ ಹಾಗೇ ನಿಂತಿದ್ದವು. ಅದೇ ವಾರ ಚಂದ್ರಗುತ್ತಿಯಿಂದ ಅತ್ತೆ ಬಂದರು. ನಿಮಗೇನಾದರೂ ಇದೆಯೇ ಎಂದು ಅವರನ್ನು ಕೇಳಿದರೆ ಎಲ್ಲದಕ್ಕೂ "ಹೂಂ ಅಳಿಯಂದ್ರೇ, ಅದೂ ಐತೆ." ಹಲ್ಲು ಹುಟ್ಟುವಾಗಿನ ಜ್ವರ ಎಂಬುದು ಮಕ್ಕಳ ಲಕ್ಷಣ, ಬಾಯಿತಪ್ಪಿ ಅದನ್ನೂ ಓದಿಬಿಟ್ಟೆ. "ಬಂದಿತ್ತಂತೆ, ನಮ್ಮವ್ವ ಹೇಳ್ತಿದ್ಲು" ಎಂದರು. ಎಲ್ಲ ಟಿಕ್ಕೂ ಬಿದ್ದ ಮೇಲೆ ಅಷ್ಟನ್ನೂ ಹೊಂದುವ ಒಂದು ಕಾಯಿಲೆಯೂ ಉಳಿಯಲಿಲ್ಲ. ಅಂದರೆ ನನ್ನ ವಿಕಿಯ ಪ್ರಕಾರ ಅತ್ತೆ ಲೋಕದಲ್ಲೇ ಅತಿ ಆರೋಗ್ಯವಂತರು, ನನ್ನ ಹೆಂಡತಿಗೆ ಇಲ್ಲದ ಕಾಯಿಲೆಯೇ ಇಲ್ಲ!

ಕೊನೆಗೆ, ನಿಮ್ಮ ಕಾಟ ತಪ್ಪಿದರೆ ಸಾಕು ಎಂದು ಗಿರಿಜಾ ಶಿಕಾರಿಪುರದ ಡಾಕ್ಟರ ಬಳಿಗೆ ಹೊರಟಳು. ಬಸ್ಸಿನಲ್ಲಿ ಅವಳ ಪಕ್ಕ ಶಿರಾಳಕೊಪ್ಪದ ಸಂತೆಗೆ ಹೊರಟ ಹೆಂಗಸೊಬ್ಬರು ಕೂತಿದ್ದರು. ಗುರುತಿಲ್ಲ, ಪರಿಚಯವಿಲ್ಲ. ನಾನು ಹಿಂದಿನ ಸೀಟಿನಲ್ಲಿದ್ದೆ.

"ಯಾಕವ್ವಾ, ಮುಖ ಹಿಂಗ್ ಬಿಳಿಚಿಕೊಂಡೈತಿ?" ಎಂದರು ಆಕೆ.

"ಏನ್ ಹೇಳ್ಲಿ ಅಕ್ಕಾ, ಎದ್ದು ನಿಂತ್ರೆ ಕಣ್ಣು ಕತ್ಲೆ ಬರುತ್ತೆ. ಮೆಟ್ಲು ಹತ್ತಿದ್ರೆ ಎದೆ ಡವಡವ ಅನ್ನುತ್ತೆ. ತಲೆ ಬಾಚಿದ್ರೆ ಕೂದ್ಲು ಕೈಗೇ ಬರುತ್ತೆ. ನಿಮ್ ಹತ್ರ ಹೇಳೋಕೇನು, ಅಕ್ಕಿ ಆರಿಸ್ತಾ ಆರಿಸ್ತಾ ಹಸಿ ಅಕ್ಕಿನೇ ಬಾಯಿಗೆ ಹಾಕ್ಕೊಳ್ತೀನಿ."

"ಮನೆಯವ್ರಿಗೆ ಹೇಳಿಲ್ಲೇನು?"

"ಅಯ್ಯೋ, ಅವರಿಗೆ ಹೇಳಿದ್ರೆ ಕಂಪ್ಯೂಟರಿಗೆ ಹಾಕ್ತಾರೆ."

ನನಗೆ ಎಷ್ಟು ಸಿಟ್ಟು ಬಂತೆಂದರೆ, ಬಸ್ಸೇ ನಿಲ್ಲಿಸಿಬಿಡಬೇಕು ಅನ್ನಿಸಿತು. ಆದರೆ ಬೆರಳು ಸುಮ್ಮನಿರುತ್ತದೆಯೇ? ಮೊಬೈಲಿನಲ್ಲಿ ವಿಕಿ ತೆರೆದು, ಅವಳು ಹೇಳಿದ್ದಕ್ಕೆಲ್ಲ ಹಿಂದಿನಿಂದ ಟಿಕ್ ಹಾಕುತ್ತ ಬಂದೆ. ಕಾಯಿಲೆಗಳು ಪಟಪಟನೆ ಉದುರಿದವು. ಶಿರಾಳಕೊಪ್ಪ ಬರುವಷ್ಟರಲ್ಲಿ ಒಂದೇ ಉಳಿದಿತ್ತು: ರಕ್ತಹೀನತೆ. ನನ್ನ ಪುಟ ಗೆದ್ದಿತ್ತು, ಆದರೆ ಗಂಡನಾಗಿ ನಾನು ಮೂರು ಕಾಸಿಗೂ ಬೆಲೆಯಿಲ್ಲದವನಾಗಿದ್ದೆ.

ಶಿಕಾರಿಪುರದಲ್ಲಿ ಡಾಕ್ಟರು, "ಏನಮ್ಮಾ ತೊಂದ್ರೆ?" ಎಂದು ಕೇಳಿದರು. "ಏನಿಲ್ಲ ಡಾಕ್ಟ್ರೇ, ಇವರೇ ಸುಮ್ನೆ ಕರ್ಕೊಂಡ್ ಬಂದ್ರು" ಎಂದಳು ಗಿರಿಜಾ. ನಾನು ಎದ್ದು ನಿಂತು, ಕಣ್ಣುಕತ್ತಲೆಯಿಂದ ಹಸಿ ಅಕ್ಕಿಯವರೆಗೆ ಒಂದೇ ಉಸಿರಿನಲ್ಲಿ ಕೂಗಿ ಹೇಳಿದೆ. ಡಾಕ್ಟರು ಅವಳ ಕೆಳರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆಯಾದ ಹಾಗಿದೆ, ಪರೀಕ್ಷೆ ಮಾಡಿಸೋಣ ಎಂದು ಬರೆದರು. ಆಮೇಲೆ ನನ್ನತ್ತ ತಿರುಗಿ, "ಮೇಷ್ಟ್ರೇ, ನಿಮ್ ಮುಖ ಯಾಕೆ ಹಿಂಗೆ ಕೆಂಪಾಗಿದೆ? ಕೂತ್ಕೊಳ್ಳಿ" ಎಂದು ತೋಳಿಗೆ ಬಿಪಿ ಪಟ್ಟಿ ಸುತ್ತಿ ನೋಡಿ, ಬಿಪಿ ಹೆಚ್ಚಿದೆ ಎಂದು ನನಗೂ ದಿನಕ್ಕೊಂದು ಮಾತ್ರೆ ಬರೆದರು.

"ತಲೆನೋವು ಗಿಲೆನೋವು ಏನಾದ್ರೂ?"

"ಏನಿಲ್ಲ ಡಾಕ್ಟ್ರೇ" ಎಂದೆ.

"ಸುಳ್ಳು ಡಾಕ್ಟ್ರೇ" ಎಂದಳು ಗಿರಿಜಾ. "ಬೆಳಿಗ್ಗೆ ಎದ್ದ ಕೂಡ್ಲೆ ಹಿಂದಲೆ ಹಿಡ್ಕೊಂಡು ಕೂತಿರ್ತಾರೆ. ನಾನು ಅತ್ಲಾಗ್ ಹೋದ್ರೆ ಉಪ್ಪಿನಕಾಯಿ ಭರಣಿಗೆ ಕೈ ಹಾಕ್ತಾರೆ. ನಿದ್ದೇಲಿ ಉಸಿರು ಸಿಕ್ಕಿಹಾಕ್ಕೊಂಡು ಗಡಬಡಿಸಿ ಎದ್ದು ಕೂರ್ತಾರೆ, ಬೆಳಿಗ್ಗೆ ಅವರಿಗೆ ನೆನಪೇ ಇರಲ್ಲ."

ನಿದ್ದೆಯಲ್ಲಿ ಎದ್ದು ಕೂರುವ ಸಂಗತಿ ನನಗೂ ಆಗಲೇ ಗೊತ್ತಾದದ್ದು. ಇಷ್ಟೆಲ್ಲ ನೋಡಿಟ್ಟುಕೊಂಡು ನನಗೊಂದು ಮಾತು ಹೇಳಲಿಲ್ಲವಲ್ಲ ಇವಳು ಎಂದು ಸಿಟ್ಟು ನೆತ್ತಿಗೇರಿತು. ಪಟ್ಟಿ ಇನ್ನೂ ತೋಳಿನಲ್ಲೇ ಇತ್ತು. ಡಾಕ್ಟರು ಇನ್ನೊಮ್ಮೆ ಗಾಳಿ ಒತ್ತಿ ನೋಡಿ, ನನ್ನ ಮಾತ್ರೆಯನ್ನು ಎರಡು ಹೊತ್ತಿಗೆ ಮಾಡಿದರು.