ಮೂರು ಮುಳುಗಿನ ಗೆಲುವು

ಯಲ್ಲಾಪುರದ ಬಟ್ಟೆ ವ್ಯಾಪಾರಿಯಾದ ನನಗೆ ಈಜಿನ ಗೊಡವೆ ಯಾಕೆ ಎಂದು ಕೇಳಬೇಡಿ. ಮೂರು ತಾಲೂಕಿನವರು ಒಂದೇ ಕೆರೆಗೆ ಇಳಿದ ಮೇಲೆ ವರ್ಷಕ್ಕೊಂದು ಫಜೀತಿ ಇದ್ದದ್ದೇ.

೧. ಸ್ನಾನ

ರಾಜ್ಯ ಒಂದಾದ ಹೊಸತು. ಸಿರ್ಸಿ, ಸಿದ್ದಾಪುರ, ಯಲ್ಲಾಪುರದವರ ಈಜು ಪಂದ್ಯ ಸಿರ್ಸಿಯ ಕೆರೆಯಲ್ಲಿ. ನಮ್ಮ ಕಡೆಯಿಂದ ಇಡಗುಂದಿಯ ಒಬ್ಬ ರೈತ. ಸಿರ್ಸಿಯ ಕಡೆಯಿಂದ ಅವನ ಹೆಂಡತಿಯ ಅಣ್ಣ. ಸೀಟಿ ಊದಿದ್ದೇ ತಡ, ಭಾವ ಹಾರಿ ಹೊರಟ. ನಮ್ಮವನು ಕೈಮುಗಿದು, ಮೂಗು ಹಿಡಿದು, ನಿಧಾನಕ್ಕೆ ಮೂರು ಮುಳುಗು ಹಾಕಿ ಆಮೇಲೆ ಹೊರಟ. ಸೋತ.

"ಎಂತದೋ ಇದು?" ಎಂದೆ.

"ಪರ ಊರಿನ ನೀರು, ಸಾವ್ಕಾರ್ರೆ. ಮುಳುಗು ಹಾಕ್ದೇ ಕಾಲು ಬಡಿಯೂದು ಹ್ಯಾಂಗೆ?"

ಅಂದಿನಿಂದ ಸಿರ್ಸಿಯ ಸಗಟು ಅಂಗಡಿಯವರು ನನ್ನನ್ನು ಕಂಡರೆ ಒಂದೇ ಮಾತು: "ಯಲ್ಲಾಪುರದವ್ರಾ? ಸ್ನಾನಕ್ಕೆ ಬಂದ್ರಾ?" ನಮ್ಮವನು ಮಾವನ ಮನೆಯಲ್ಲಿ ಊಟಕ್ಕೆ ಕೂತರೂ ಭಾವ, "ಮೊದ್ಲು ಮುಳುಗು ಹಾಕಿ ಬಾ" ಎನ್ನುತ್ತಿದ್ದ.

೨. ಲಾಡಿ

ಮರುವರ್ಷ ಸಿರ್ಸಿಯಿಂದ ಕಪ್ ತರಲೇಬೇಕೆಂದು ನಮ್ಮವನಿಗೆ ನಾನೇ ಚಡ್ಡಿ ಹೊಲಿಸಿದೆ. ಸಿದ್ದಾಪುರದ ಈಜುಗಾರನೂ ಬಟ್ಟೆಗೆ ನನ್ನಲ್ಲಿಗೇ ಬಂದ. ಗಿರಾಕಿಯನ್ನು ಬೇಡ ಎನ್ನಲಾದೀತೆ? ಲಾಡಿ ಮಾತ್ರ ಬೇಡ, ಮನೆಯಲ್ಲಿ ಹಳೇದಿದೆ ಎಂದ.

ಮೊದಲ ಸುತ್ತಿನಲ್ಲಿ ಸಿದ್ದಾಪುರದವನೇ ಗೆದ್ದ. ಗೆದ್ದವನು ನೀರಿನಿಂದ ಮೇಲೆ ಬರಲೊಲ್ಲ.

"ಬಾರೋ, ಹಾರ ಹಾಕ್ತೇವೆ!"

"ಹಾರ ನೀವೇ ಹಾಕ್ಕೊಳ್ಳಿ, ಒಂದು ಪಂಚೆ ಒಗೀರಿ!"

ಚಡ್ಡಿ ಅಷ್ಟು ದೂರದಲ್ಲಿ ತೇಲುತ್ತಿತ್ತು. ಕೊನೆಯ ಸುತ್ತಿಗೆ ಅವನು ಇಳಿಯಲೇ ಇಲ್ಲ. ನಾನು ಮಾರಲು ತಂದಿದ್ದ ಲಾಡಿಯೆಲ್ಲ ದಡದಲ್ಲೇ ಖರ್ಚಾಯಿತು.

೩. ಅತ್ತೆ

ಉಳಿದವರು ನಮ್ಮವನು ಮತ್ತು ಅವನ ಭಾವ. "ಮೊದ್ಲು ಈಜು, ಮುಳುಗು ಆಮೇಲೆ" ಎಂದು ತಾಕೀತು ಮಾಡಿ ಇಳಿಸಿದೆ. ಈ ಸಲ ನಮ್ಮವನೇ ಮುಂದೆ, ಭಾವ ಬೆನ್ನಿಗೇ. ಮುಟ್ಟಬೇಕಾದ ಹಗ್ಗ ಇನ್ನೊಂದು ಮಾರು ಇರುವಾಗ ನಮ್ಮವನು ನಿಂತ. ಕೈಮುಗಿದ. ಮೂಗು ಹಿಡಿದ. ನಾನು ತಲೆಗೆ ಕೈ ಹಚ್ಚಿ ಕೂತೆ.

ಆಗ ದಡದಲ್ಲಿದ್ದ ಅವನ ಅತ್ತೆ ಸ್ವಂತ ಮಗನಿಗೆ ಗದರಿದಳು: "ಅಳಿಯಂದ್ರನ್ನ ನೋಡಿ ಕಲಿಯೋ! ಗೆಲ್ಲೂ ಹೊತ್ತಿಗೂ ದೇವರನ್ನ ಮರೀಲಿಲ್ಲ. ಹಾಕು ಮುಳುಗು!"

ಭಾವ ಹೆದರಿ ಮೂಗು ಹಿಡಿದ. ಅವನು ಮೊದಲನೆಯದು ಹಾಕುವಾಗ ನಮ್ಮವನು ಮೂರನೆಯದು ಮುಗಿಸಿ ಹಗ್ಗ ಮುಟ್ಟಿದ.

"ಹಗ್ಗ ಮುಟ್ಟಿದ ಮೇಲೆ ಹಾಕಬಾರದಿತ್ತೇನೋ?" ಎಂದೆ.

"ಮುಟ್ಟಿದ ಕೂಡ್ಲೇ ನೀವೆಲ್ಲ ಎತ್ಕೊಂಡು ಕುಣಿತೀರಿ. ಮುಳುಗು ಹಾಕ್ಲಿಕ್ಕೆ ಬಿಡ್ತಿದ್ರಾ?"

ಕಪ್ ಹಿಡಿದು ಬೇಕೆಂದೇ ಸಗಟು ಅಂಗಡಿಗಳ ಮುಂದೆ ಹಾದೆವು. ಅಂಗಡಿಯವರೆಲ್ಲ ಲೆಕ್ಕದ ಪುಸ್ತಕಕ್ಕೆ ತಲೆ ಬಗ್ಗಿಸಿದರು. ನಾನೇ ಕೂಗಿ ಹೇಳಿದೆ: "ಹೌದ್ರೀ, ಸ್ನಾನಕ್ಕೇ ಬಂದಿದ್ವಿ! ಮುಗೀತು, ಹೊರಟ್ವಿ!"