ಬೌಕೆ ನುಂಗಿದ ದ್ರೊಪ್

ತೊಂದರೆ ಶುರುವಾದದ್ದು ಕಾಫಿ ಮೇಜಿನ ಮೇಲಿನ ಗಾಜಿನ ಭರಣಿಯಿಂದ. ಅದರ ತುಂಬ ದ್ರೊಪ್ ಇತ್ತು. ಅತಿಮಧುರದ ಬೇರಿನ ರಸಕ್ಕೆ ಕಲಾಯಿಯವನ ನವಸಾಗರ ಬೆರೆಸಿ ಮಾಡಿದ, ಇದ್ದಿಲಿನಂಥ ಕಪ್ಪು ಮಿಠಾಯಿ. ಹಾಲೆಂಡಿನ ಜನ ಇದನ್ನು ದಿನವಿಡೀ ಚೀಪುತ್ತಾರೆ. ಹೊರಗಿನವರು ಬಾಯಿಗಿಟ್ಟು ಉಗಿದರಂತೂ ಯುದ್ಧ ಗೆದ್ದವರಂತೆ ಹಿಗ್ಗುತ್ತಾರೆ. ಯಾರಿಗೂ ಬೇಡವಾದದ್ದನ್ನು ತಿನ್ನುವುದೂ ಒಂದು ಹೆಮ್ಮೆ!

ಹಿಲ್ಲೆಗೊಮ್ ಊರಿನ ಟ್ಯೂಲಿಪ್ ಗೆಡ್ಡೆ ಕಂಪನಿಯಲ್ಲಿ ಬೌಕೆ ಹಂಗಾಮಿ ಗುಮಾಸ್ತ. ಅಂದು ಫಿನ್‌ಲೆಂಡಿನಿಂದ ಹಿಲ್ಕಾ ಎಂಬ ದೊಡ್ಡ ವ್ಯಾಪಾರಿ ಬರುವವಳಿದ್ದಳು.

"ಆರ್ಡರ್ ಸಿಕ್ಕಿದ್ರೆ ನಿನ್ನ ಕೆಲಸ ಕಾಯಂ. ಕೈತಪ್ಪಿದ್ರೆ ನಾಳೆಯಿಂದ ಬರಬೇಡ," ಎಂದು ಒಡತಿ ಗ್ರೀಟ್ಯೆ ಮುಖಕ್ಕೆ ಹೊಡೆದಂತೆ ಹೇಳಿದ್ದಳು.

ಹಿಂದೊಮ್ಮೆ ಪೋರ್ಚುಗಲ್ಲಿನ ವ್ಯಾಪಾರಿಯೊಬ್ಬ ಇದೇ ದ್ರೊಪ್ ತಿಂದು, ನಲ್ಲಿಗೆ ಓಡಿ, ಅಲ್ಲಿಂದ ನೇರ ರೈಲ್ವೆ ಸ್ಟೇಷನ್ನಿಗೆ ಓಡಿದ್ದ. ಆಫೀಸಿನವರು ಅದನ್ನು ನೆನೆದು ಇವತ್ತಿಗೂ ನಗುತ್ತಿದ್ದರು. ಬೌಕೆ ಮಾತ್ರ ಭರಣಿಯನ್ನು ಎಲ್ಲಿ ಅಡಗಿಸಲೆಂದು ನೋಡುತ್ತಿದ್ದ.

"ಬಂದ ತಕ್ಷಣ ಎರಡು ಕೊಡೋಣ. ಆಯಮ್ಮನ ಮುಖ ಹೇಗಾಗತ್ತೆ ನೋಡ್ಬೇಕು!" ಎಂದು ಪಕ್ಕದ ಮೇಜಿನ ಗುಮಾಸ್ತ ಲುಬ್ಬರ್ಟ್ ಮೊಬೈಲು ಸಜ್ಜು ಮಾಡಿಕೊಂಡ.

"ಕಾಫಿಗೆ ಮೊದ್ಲೇ ಕೊಡಿ. ಆಗ ಚೆನ್ನಾಗಿ ಹತ್ತತ್ತೆ," ಎಂದಳು ಲೆಕ್ಕದ ಹೆನ್ನಿ.

"ನನ್ನ ಹೊಟ್ಟೆ ಮೇಲೆ ಹೊಡೀಬೇಡ್ರೋ!" ಎಂದು ಬೌಕೆ ಅಂಗಲಾಚಿದ.

"ನಮ್ಮ ಸಂಪ್ರದಾಯ ಕಣೋ! ನೀನೇನು ಬೆಲ್ಜಿಯಂನೋನಾ?"

ಬೌಕೆ ಭರಣಿಯನ್ನು ಬೀರುವಿನಲ್ಲಿ ಬಚ್ಚಿಟ್ಟ. ಹೆನ್ನಿ ಹುಡುಕಿ ತಂದಿಟ್ಟಳು. ಕಿಟಕಿಯಾಚೆ ಇಳಿಸಿಟ್ಟ. "ಯಾರೋ ಮರೆತಿದ್ದೀರ ನೋಡಿ," ಎಂದು ತೋಟದವನು ಮರಳಿ ತಂದುಕೊಟ್ಟ. ಪರೋಪಕಾರಿಗಳ ಕಾಟಕ್ಕೆ ಕೊನೆಯೇ ಇಲ್ಲ. ಅಷ್ಟರಲ್ಲಿ ಅಂಗಳಕ್ಕೆ ಕಾರು ಬಂತು. ಎಲ್ಲರೂ ಬಾಗಿಲಿಗೆ ಓಡಿದರು. ದಾರಿ ಕಾಣದ ಬೌಕೆ ಭರಣಿಯನ್ನೆತ್ತಿ ಇಡೀ ದ್ರೊಪ್ಪನ್ನು ಬಾಯಿಗೇ ಸುರಿದುಕೊಂಡ!

ಹಿಲ್ಕಾ ಕೈಚಾಚಿದಾಗ ಅವನ ಹಲ್ಲುಗಳು ಡಾಂಬರಿನಲ್ಲಿ ಸಿಕ್ಕಿಬಿದ್ದಂತೆ ಅಂಟಿಕೊಂಡಿದ್ದವು. "ಉಂ... ಉಂ," ಎಂದ.

ಅವಳು ಖಾಲಿ ಭರಣಿಯನ್ನು ಮೂಸಿ ನೋಡಿದಳು. "ಛೇ, ಎಲ್ಲಾ ಮುಗಿಸಿಬಿಟ್ರಾ? ಹಲ್ಲು ಬಂದಾಗಿನಿಂದ ಇಂಥದ್ದೇ ತಿಂದು ಬೆಳೆದೋಳು ನಾನು."

ಲುಬ್ಬರ್ಟ್ ಎತ್ತಿದ್ದ ಮೊಬೈಲು ಮೆಲ್ಲಗೆ ಕೆಳಗಿಳಿಯಿತು.

"ಇದು... ನಿಮ್ಮಲ್ಲೂ ಇದ್ಯಾ?" ಎಂದು ಅವನು ತೊದಲಿದ.

"ಇದ್ಯಾ ಅಂದ್ರೆ? ನಿಮ್ಮದನ್ನ ನಾವು ಮಕ್ಕಳಿಗೆ ಕೊಡ್ತೀವಿ. ದೊಡ್ಡೋರು ತಿನ್ನೋದು ಇದು," ಎಂದು ಅವಳು ಚೀಲದಿಂದ ಡಬ್ಬಿ ತೆಗೆದಳು.

ದೇಶದ ಮಾನ ಹರಾಜಿಗೆ ಬಂದಿತ್ತು. ಲುಬ್ಬರ್ಟ್ ಬೌಕೆಯನ್ನು ಮುಂದೆ ದಬ್ಬಿದ. "ನಮ್ಮೋನು ಒಂದು ಭರಣಿ ನುಂಗಿದಾನೆ. ಇವನಿಗೆ ಕೊಡಿ!"

ಬೌಕೆ ಅಂಟಿದ ಹಲ್ಲು ಬಿಡಿಸಿಕೊಂಡು ಆ ಡಬ್ಬಿಯದೊಂದನ್ನು ನಾಲಗೆಗಿಟ್ಟುಕೊಂಡ. ಒಂದು ಕಣ್ಣು ಮುಚ್ಚಿತು. ಇನ್ನೊಂದು ಹಣೆಗೆ ಹತ್ತಿತು. ಕಿವಿ ಬೀಟ್‌ರೂಟಿನಂತಾಯಿತು, ಮೂಗು ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿತು. ಮರುಗಳಿಗೆ, ಬಾಯಲ್ಲಿದ್ದದ್ದೆಲ್ಲ ಹಿಲ್ಕಾಳ ಬೂಟಿನ ಮೇಲಿತ್ತು.

ಗ್ರೀಟ್ಯೆ ಬಿಳಿಚಿಕೊಂಡಳು. ಹಿಲ್ಕಾ ಮಾತ್ರ ಮೇಜು ಹಿಡಿದುಕೊಂಡು ಕಣ್ಣೀರು ಬರುವಷ್ಟು ನಕ್ಕಳು.

"ಇಂಥ ಮುಖಾನ ಜನ್ಮದಲ್ಲಿ ನೋಡಿರಲಿಲ್ಲ! ಆರ್ಡರ್ ನಿಮಗೇ. ಆದ್ರೆ ಒಂದು ಷರತ್ತು. ಪ್ರತಿ ತಿಂಗಳೂ ಮಾಲಿನ ಜೊತೆ ಇವನೇ ಬರ್ಬೇಕು, ನಮ್ಮೋರ ಎದುರಿಗೆ ಒಂದು ತಿನ್ಬೇಕು."

"ಬೌಕೆ, ನಿನ್ನ ಕೆಲಸ ಕಾಯಂ!" ಗ್ರೀಟ್ಯೆ ಕೈಕುಲುಕಿದಳು.

ಬೌಕೆ ಕರವಸ್ತ್ರದಿಂದ ನಾಲಗೆ ಉಜ್ಜಿಕೊಳ್ಳುತ್ತ, "ಗ್ರೀಟ್ಯೆ, ನಾನು ಹಂಗಾಮಿಯಾಗೇ ಇದ್ಬಿಡ್ತೀನಿ," ಎಂದು ಗೋಗರೆದ.

"ಆಗಲ್ಲ ಕಣೋ. ಅವರಿಗೆ ಈ ಮುಖ ಕಾಯಂ ಬೇಕಂತೆ."